ಜಾಲತಾಣದ ಗ್ರಂಥಕೋಶ ಮತ್ತು ಅನುಪಲಬ್ಧಿವಿಚಾರ

೧. ವಿಷಯ

ಕನ್ನಡದ ಶಾಸನಪಾಠಗಳೂ ಕಾವ್ಯಗಳೂ ನಿಘಂಟುಗಳೂ ಹಸ್ತಪ್ರತಿಗಳ ಸೂಚಿಗಳೂ ಈಗ ಗಣಕಯಂತ್ರದ ಕೋಶಗಳಲ್ಲಿ ಸೇರಿ, ಜಾಲತಾಣಗಳ ಮೂಲಕ ಮನೆಯಲ್ಲಿ ಕುಳಿತ ಓದುಗರಿಗೂ ದೊರೆಯುತ್ತಿವೆ. ಹಿಂದೆ ಒಂದು ಶಬ್ದದ ಪ್ರಯೋಗಗಳನ್ನು ಸಂಗ್ರಹಿಸಬೇಕಾದರೆ ಗ್ರಂಥಗಳನ್ನು ಹಾಳೆಹಾಳೆಯಾಗಿ ತಿರುವಿ, ಚೀಟಿಗಳಲ್ಲಿ ಬರೆದುಕೊಂಡು, ಅಕಾರಾದಿಯಾಗಿ ಜೋಡಿಸಬೇಕಾಗಿದ್ದಿತು. ಈಗ ಆ ಶಬ್ದವನ್ನು ಯಂತ್ರಕ್ಕೆ ಒಪ್ಪಿಸಿದರೆ ಕ್ಷಣಮಾತ್ರದಲ್ಲಿ ಉತ್ತರವು ಬರುವುದು. ಆದರೆ ಆ ಉತ್ತರವು ‘ಇಲ್ಲ’ ಎಂದಾದಾಗ ಅದನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದೇ ಇಲ್ಲಿ ವಿಚಾರಣೀಯವಾದ ವಿಷಯ.

ಶಾಸನಗಳಲ್ಲಿ ‘ತೀರ್ಥ’ ಶಬ್ದವನ್ನು ಹುಡುಕಲು ಹೊರಟ ಒಬ್ಬ ಅಧ್ಯಾಪಕನಿಗೆ ‘ಯಾವುದೂ ದೊರೆಯಲಿಲ್ಲ’ ಎಂಬ ಉತ್ತರ ಬಂದಿತೆಂದು ಭಾವಿಸೋಣ. ಆ ಕೋಶದಲ್ಲಿಯೇ ಶಬ್ದವು ಹತ್ತಾರು ಕಡೆ ಇದ್ದಿರಬಹುದು. ಆದರೆ ಶಾಸನದ ಲಿಪಿಕಾರನು ಅದನ್ನು ‘ತೀರ್ತ್ಥ’ ಎಂದು ಬರೆದಿರುತ್ತಾನೆ. ರೇಫದ ಮುಂದಿನ ವ್ಯಂಜನಕ್ಕೆ ಪಾಣಿನಿಯು ಅಷ್ಟಾಧ್ಯಾಯಿಯ ಎಂಟನೆಯ ಅಧ್ಯಾಯದಲ್ಲಿ (೮-೪-೪೬) ಹೇಳಿರುವ ದ್ವಿತ್ವವನ್ನು ನಮ್ಮ ಹಿಂದಿನ ಲಿಪಿಕಾರರು ಧಾರಾಳವಾಗಿ ಅನುಸರಿಸಿದ್ದಾರೆ. ಯಂತ್ರಕ್ಕೆ ವ್ಯಾಕರಣದ ಪರಿಚಯವಿಲ್ಲ. ಅದು ಚಿಹ್ನೆಗೆ ಚಿಹ್ನೆಯನ್ನು ಹೋಲಿಸಿ, ಹೊಂದದಿದ್ದರೆ ‘ಇಲ್ಲ’ ಎನ್ನುವುದು. ಅಧ್ಯಾಪಕನು ಅದನ್ನು ನಂಬಿ ‘ಈ ಶಾಸನಗಳಲ್ಲಿ ತೀರ್ಥಶಬ್ದವೇ ಇಲ್ಲ’ ಎಂದು ಬರೆದರೆ, ಇಲ್ಲದ ಅಭಾವವೊಂದು ಸಿದ್ಧಾಂತವಾಗಿ ಉಳಿದುಬಿಡುವುದು.

ಭಾಟ್ಟಮೀಮಾಂಸಕರೂ ಅದ್ವೈತಿಗಳೂ ಅಭಾವವನ್ನು ತಿಳಿಯುವುದಕ್ಕೆ ಅನುಪಲಬ್ಧಿಯೆಂಬ ಬೇರೆ ಪ್ರಮಾಣವನ್ನು ಒಪ್ಪಿರುವರು. ಆದರೆ ಕಾಣಲಿಲ್ಲವೆಂಬ ಮಾತ್ರದಿಂದಲೇ ಇಲ್ಲವೆಂದು ಅವರು ಹೇಳುವುದಿಲ್ಲ. ಬೆಳಕಿರುವ ನೆಲದ ಮೇಲೆ ಗಡಿಗೆ ಕಾಣದಿದ್ದರೆ ಅದು ಅಲ್ಲಿಲ್ಲವೆಂದು ಹೇಳಬಹುದು. ಕತ್ತಲೆಯ ಕೋಣೆಯಲ್ಲಿ ಕಾಣದಿದ್ದರೆ ಹಾಗೆ ಹೇಳಲಾಗದು. ‘ಇದ್ದಿದ್ದರೆ ಕಾಣಲೇಬೇಕಾಗಿತ್ತು’ ಎಂಬ ಯೋಗ್ಯತೆ ಇದ್ದಾಗ ಮಾತ್ರ ಕಾಣದಿರುವಿಕೆಯು ಪ್ರಮಾಣ. ಜಾಲತಾಣದ ಗ್ರಂಥಕೋಶವನ್ನು ರಚಿಸುವವರ ಮುಂದಿರುವ ಕಷ್ಟಗಳೆಲ್ಲವೂ ಈ ಯೋಗ್ಯತೆಯನ್ನು ಸಂಪಾದಿಸುವ ಕಷ್ಟಗಳೇ. ಅವುಗಳನ್ನು ಕ್ರಮವಾಗಿ ನೋಡಬಹುದು.

೨. ಅಕ್ಷರಸಂಕೇತ

ಯಂತ್ರವು ಅಕ್ಷರವನ್ನು ಅರಿಯದು; ಸಂಖ್ಯೆಯನ್ನು ಮಾತ್ರ ಅರಿಯುವುದು. ಆದುದರಿಂದ ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆಯನ್ನು ಗೊತ್ತುಮಾಡಬೇಕು. ಮೊದಲು ಕನ್ನಡಕ್ಕೆ ಬಳಕೆಯಾದ ‘ನುಡಿ’, ‘ಬರಹ’ ಮುಂತಾದ ತಂತ್ರಾಂಶಗಳ ಹಳೆಯ ಅಕ್ಷರರೂಪಗಳಲ್ಲಿ ರೋಮನ್ ಲಿಪಿಯ ಚಿಹ್ನೆಗಳ ಸ್ಥಾನಗಳಲ್ಲಿಯೇ ಕನ್ನಡದ ತುಂಡುಗಳನ್ನು ಕೂರಿಸಲಾಗಿತ್ತು. ಈ ಪದ್ಧತಿಯಲ್ಲಿ ‘ಕನ್ನಡ’ ಎಂಬ ಮೂರು ಅಕ್ಷರದ ಶಬ್ದಕ್ಕೆ ಏಳು ಚಿಹ್ನೆಗಳಾಗುವುವು: ಕಕಾರದ ಒಡಲು, ಅದರ ತಲೆಕಟ್ಟು, ನಕಾರದ ಒಡಲು, ತಲೆಕಟ್ಟು, ನಕಾರದ ಒತ್ತು, ಡಕಾರದ ಒಡಲು, ತಲೆಕಟ್ಟು. ಇವುಗಳಲ್ಲಿ ಮೊದಲನೆಯದು ವಾಸ್ತವವಾಗಿ ರೋಮನ್ ಲಿಪಿಯ ‘ಪಿ’. ನಕಾರದ ಒಡಲು ಇಂಗ್ಲೆಂಡಿನ ಪೌಂಡು ನಾಣ್ಯದ ಗುರುತು. ಆ ಅಕ್ಷರರೂಪವನ್ನು ಸ್ಥಾಪಿಸದ ಯಂತ್ರದಲ್ಲಿ ಪುಟವನ್ನು ತೆರೆದರೆ ಕನ್ನಡವು ಕಾಣದೆ ಈ ಗುರುತುಗಳೇ ಕಾಣುವುವು.

ಇದಕ್ಕಿಂತ ಸೂಕ್ಷ್ಮವಾದ ದೋಷವೊಂದುಂಟು. ಆ ಪದ್ಧತಿಯು ಕಣ್ಣಿಗೆ ಕಾಣುವ ಕ್ರಮವನ್ನು ಅನುಸರಿಸುವುದು. ‘ತೀರ್ಥ’ ಶಬ್ದದಲ್ಲಿ ಅರ್ಕಾವತ್ತು ಥಕಾರದ ಬಲಗಡೆ ಬರುವುದರಿಂದ ಕೋಶದಲ್ಲಿಯೂ ಥಕಾರವಾದ ಮೇಲೆಯೇ ಅದು ಸೇರುವುದು. ಉಚ್ಚಾರಣೆಯಲ್ಲಿಯಾದರೋ ರೇಫವು ಮೊದಲು. ಯೂನಿಕೋಡ್ ಪದ್ಧತಿಯು ಉಚ್ಚಾರಣಕ್ರಮವನ್ನೇ ಹಿಡಿದಿದೆ. ಆದಕಾರಣ ಹಳೆಯ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸುವಾಗ ಚಿಹ್ನೆಗೆ ಚಿಹ್ನೆಯನ್ನು ಬದಲಿಟ್ಟರೆ ಸಾಲದು. ಅರ್ಕಾವತ್ತನ್ನು ಎತ್ತಿ ವ್ಯಂಜನದ ಮುಂದೆ ಇಡಬೇಕು. ಈ ಎಚ್ಚರವಿಲ್ಲದ ಪರಿವರ್ತನೆಯಿಂದ ಕೆಟ್ಟ ಪಾಠಗಳು ಅನೇಕ.

೧೯೯೧ರಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ೩೨೦೦ರಿಂದ ೩೩೨೭ರವರೆಗೆ ೧೨೮ ಸ್ಥಾನಗಳು ಮೀಸಲಾದುವು. ಹಳಗನ್ನಡದ ಱಕಾರ, ೞಕಾರಗಳಿಗೂ ಇಲ್ಲಿ ಸ್ಥಾನವಿದೆ. ಆದರೆ ೩೨೯೪ನೆಯ ಸ್ಥಾನದಲ್ಲಿರುವ ೞಕಾರಕ್ಕೆ ಪಟ್ಟಿಯಲ್ಲಿ ಪ್ರಮಾದದಿಂದ ‘ಫ’ ಎಂಬರ್ಥದ ಹೆಸರು ಬಿದ್ದಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಕೂಡದೆಂಬುದು ಆ ಸಂಸ್ಥೆಯ ನಿಯಮವಾದುದರಿಂದ ತಪ್ಪು ಹೆಸರು ಹಾಗೆಯೇ ಉಳಿದು, ಸರಿಯಾದುದನ್ನು ಉಪನಾಮವಾಗಿ ಸೇರಿಸಲಾಗಿದೆ. ಕೇಶಿರಾಜನು ರಳವೆಂದು ಬೇರೆಯಾಗಿ ವಿವೇಚಿಸಿದ ವರ್ಣವು ಹೀಗೆ ಪಟ್ಟಿಯಲ್ಲಿ ಬೇರೊಬ್ಬರ ಹೆಸರನ್ನು ಹೊತ್ತು ನಿಂತಿದೆ. ಹೆಸರನ್ನು ನಂಬಿ ಕ್ರಮವಿಧಿಯನ್ನು ಬರೆಯುವವನು ಮೋಸಹೋಗುವನು. ಸಂಖ್ಯೆಯನ್ನು ನಂಬಿದವನಿಗೆ ಬಾಧೆಯಿಲ್ಲ.

೩. ರೂಪೈಕ್ಯವೂ ಸಂಕೇತಭೇದವೂ

ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ಬರಹಗಳು ಕೋಶದಲ್ಲಿ ಬೇರೆಬೇರೆಯಾಗಿರಬಹುದು. ‘ಲೋಕ’ ಶಬ್ದದ ಓಕಾರಚಿಹ್ನೆಯನ್ನು ಒಂದೇ ಸಂಖ್ಯೆಯಿಂದ ಸೂಚಿಸಬಹುದು. ಎತ್ವ, ಊಕಾರದ ಕೊಂಬು, ದೀರ್ಘದ ಗುರುತು ಎಂಬ ಮೂರು ಸಂಖ್ಯೆಗಳಿಂದಲೂ ಸೂಚಿಸಬಹುದು. ಈ ಎರಡನ್ನೂ ಸಮಾನವೆಂದು ಎಣಿಸಿ ಒಂದೇ ರೂಪಕ್ಕೆ ತರುವ ವಿಧಿಯು ಯೂನಿಕೋಡಿನಲ್ಲಿಯೇ ಇದೆ. ಪಾಠವು ಕೋಶವನ್ನು ಸೇರುವಾಗಲೂ ಓದುಗನ ಪ್ರಶ್ನೆಯು ಬರುವಾಗಲೂ ಈ ವಿಧಿಯನ್ನು ತಪ್ಪದೆ ನಡೆಯಿಸಬೇಕು. ಒಂದು ಕಡೆ ನಡೆಯಿಸಿ ಇನ್ನೊಂದು ಕಡೆ ಬಿಟ್ಟರೆ ಶ್ರಮವು ವ್ಯರ್ಥ.

ಆದರೆ ಈ ವಿಧಿಯ ಕೈಗೆ ಸಿಕ್ಕದ ಭೇದಗಳೂ ಇವೆ. ಯೂನಿಕೋಡಿನಲ್ಲಿ ಕಣ್ಣಿಗೆ ಕಾಣದ ಎರಡು ಚಿಹ್ನೆಗಳುಂಟು. ಒಂದು ಕೂಡಿಸುವುದು, ಇನ್ನೊಂದು ಬೇರ್ಪಡಿಸುವುದು. ‘ಕಾರ್ಯ’ ಎಂದು ಅರ್ಕಾವತ್ತಿನಿಂದ ಬರೆದುದಕ್ಕೂ ‘ಕಾರ‍್ಯ’ ಎಂದು ಯಕಾರದ ಒತ್ತನ್ನು ಕೊಟ್ಟು ಬರೆದುದಕ್ಕೂ ನಡುವೆ ಇರುವುದು ಕೂಡಿಸುವ ಚಿಹ್ನೆಯೊಂದೇ. ಓದುವವನಿಗೆ ಎರಡೂ ಒಂದೇ ಶಬ್ದ; ಯಂತ್ರಕ್ಕೆ ಎರಡು. ಹಾಗೆಯೇ ‘ರಾಜ್‌ಕುಮಾರ’ ಎಂದು ಬಿಡಿಸಿ ಬರೆದುದೂ ‘ರಾಜ್ಕುಮಾರ’ ಎಂದು ಒತ್ತಿ ಬರೆದುದೂ ಬೇರೆಯಾಗುವುವು. ಹುಡುಕುವ ಸಮಯದಲ್ಲಿ ಈ ಚಿಹ್ನೆಗಳನ್ನು ಕಡೆಗಣಿಸುವ ಏರ್ಪಾಡು ಇರಬೇಕು.

ಇವೆಲ್ಲಕ್ಕಿಂತ ಹೆಚ್ಚು ವಂಚಕವಾದುದು ಸೊನ್ನೆ. ಅನುಸ್ವಾರದ ಬಿಂದುವೂ ಕನ್ನಡ ಅಂಕಿಯ ಸೊನ್ನೆಯೂ ಆಕಾರದಲ್ಲಿ ಒಂದೇ. ಅಚ್ಚಿನ ಮೊಳೆಯನ್ನು ಜೋಡಿಸುವವನಿಗೆ ಇದರಿಂದ ಹಾನಿಯಿರಲಿಲ್ಲ. ಯಂತ್ರದಲ್ಲಿಯಾದರೋ ‘ಕಂಬ’ದ ಬಿಂದುವಿನ ಸ್ಥಳದಲ್ಲಿ ಅಂಕಿಯು ಬಿದ್ದರೆ ಆ ಕಂಬವು ಎಂದಿಗೂ ದೊರೆಯದು, ಕರಡನ್ನು ತಿದ್ದುವವರ ಕಣ್ಣಿಗೂ ತಪ್ಪು ಬೀಳದು. ಎರಡು ಅಕ್ಷರಗಳ ನಡುವೆ ಸೊನ್ನೆಯಂಕಿ ಬಂದರೆ ಅದನ್ನು ಪ್ರವೇಶದ್ವಾರದಲ್ಲಿಯೇ ತಡೆಯುವುದು ಇದಕ್ಕಿರುವ ಉಪಾಯ.

೪. ಅಳತೆ

ಯಂತ್ರವು ಸ್ಥಳವನ್ನು ಅಳೆಯುವ ಘಟಕಕ್ಕೆ ಬೈಟ್ ಎಂದು ಹೆಸರು. ಜಾಲದಲ್ಲಿ ಸರ್ವಸಾಧಾರಣವಾಗಿರುವ ಯುಟಿಎಫ್-೮ ಎಂಬ ಬರಹದಲ್ಲಿ ರೋಮನ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೇಕು. ‘ಕನ್ನಡ’ ಶಬ್ದವು ಎಣಿಕೆಗೆ ಮೂರು ಅಕ್ಷರ, ಸಂಕೇತಗಳಲ್ಲಿ ಐದು, ಬೈಟುಗಳಲ್ಲಿ ಹದಿನೈದು. ಈ ಮೂರು ಅಳತೆಗಳನ್ನು ಒಂದೆಂದು ಭ್ರಮಿಸಿದ ಕೋಶಗಳು ಶಬ್ದವನ್ನು ನಡುವೆಯೇ ಕತ್ತರಿಸುವುವು. ಗ್ರಂಥದ ಹೆಸರಿಗೆ ಮೂವತ್ತು ಸ್ಥಾನಗಳು ಸಾಕೆಂದು ತಿಳಿದು ಮೂವತ್ತು ಬೈಟುಗಳನ್ನು ಕೊಟ್ಟರೆ, ಹನ್ನೆರಡು ಸಂಕೇತಗಳುಳ್ಳ ‘ಶಬ್ದಮಣಿದರ್ಪಣ’ವು ಹತ್ತಕ್ಕೆ ನಿಂತು ‘ಶಬ್ದಮಣಿದರ್’ ಎಂದಾಗುವುದು.

ಇನ್ನೊಂದು ಉದಾಹರಣೆಯನ್ನು ನೋಡಬಹುದು. ಮೈಎಸ್‌ಕ್ಯೂಎಲ್ ಎಂಬ ಪ್ರಸಿದ್ಧವಾದ ದತ್ತಸಂಚಯದ ಮೊದಲಿನ ‘ಯುಟಿಎಫ್-೮’ ಏರ್ಪಾಡಿನಲ್ಲಿ ಒಂದು ಸಂಕೇತಕ್ಕೆ ಮೂರು ಬೈಟುಗಳ ಮಿತಿಯಿದ್ದಿತು. ೨೦೧೦ರಲ್ಲಿ ನಾಲ್ಕು ಬೈಟುಗಳ ಪೂರ್ಣವಾದ ಏರ್ಪಾಡು ಬಂದಿತು. ಕನ್ನಡಕ್ಕೆ ಮೂರೇ ಸಾಕಾದುದರಿಂದ ಕೊರತೆಯು ಬಹುಕಾಲ ತಿಳಿಯದೆ ಉಳಿಯಬಹುದು. ಆದರೆ ೨೦೧೪ರಲ್ಲಿ ಯೂನಿಕೋಡನ್ನು ಸೇರಿದ ಗ್ರಂಥಲಿಪಿಗೂ, ೨೦೨೪ರಲ್ಲಿ ಸೇರಿದ ತುಳು-ತಿಗಳಾರಿ ಲಿಪಿಗೂ ನಾಲ್ಕು ಬೈಟುಗಳು ಬೇಕು. ಕರಾವಳಿಯ ಮತ್ತು ಮಲೆನಾಡಿನ ಸಂಸ್ಕೃತ ಓಲೆಗಳು ತಿಗಳಾರಿಯಲ್ಲಿ ಹೇರಳವಾಗಿರುವುದನ್ನು ವಿದ್ವಾಂಸರು ಬಲ್ಲರು. ಅಂತಹ ಓಲೆಯ ಮೊದಲ ಸಾಲನ್ನು ಮೂಲಲಿಪಿಯಲ್ಲಿಯೇ ಹಳೆಯ ಏರ್ಪಾಡಿನ ಸೂಚಿಯಲ್ಲಿ ನಮೂದಿಸಹೊರಟರೆ, ಕೋಶವು ಅದನ್ನು ನಿರಾಕರಿಸುವುದು. ಕಟ್ಟುನಿಟ್ಟು ಸಡಿಲವಾಗಿದ್ದರೆ ಆ ಅಕ್ಷರದಿಂದ ಮುಂದಿನ ಭಾಗವನ್ನು ಕತ್ತರಿಸಿಬಿಡುವುದು.

ಓದುಗನ ಪ್ರಶ್ನೆಯು ಪುಟದಿಂದ ಹೊರಟು ಸೇವಾಯಂತ್ರವನ್ನು ಹೊಕ್ಕು ದತ್ತಸಂಚಯವನ್ನು ಮುಟ್ಟಿ ಹಿಂದಿರುಗುವ ದಾರಿಯಲ್ಲಿ ಎಲ್ಲಿಯಾದರೂ ಬರಹದ ಪದ್ಧತಿಯನ್ನು ತಪ್ಪಾಗಿ ಭಾವಿಸಿದರೆ, ಕನ್ನಡದ ಒಂದೊಂದು ಸಂಕೇತವೂ ಮೂರು ರೋಮನ್ ಗುರುತುಗಳಾಗಿ ಒಡೆಯುವುದು. ಕೆಲವೊಮ್ಮೆ ಒಳಕ್ಕೆ ಹೋಗುವಾಗ ಆದ ತಪ್ಪು ಹೊರಕ್ಕೆ ಬರುವಾಗ ತಿರುಗುಮುರುಗಾಗಿ ನಡೆದು, ಪುಟದಲ್ಲಿ ಎಲ್ಲವೂ ಸರಿಯಾಗಿ ಕಾಣುವುದೂ ಉಂಟು. ಬೇರೊಂದು ತಂತ್ರಾಂಶದಿಂದ ಕೋಶವನ್ನು ತೆರೆದ ದಿನ ಪಾಠಗಳೆಲ್ಲ ಕೆಟ್ಟಿರುವುದು ಬೆಳಕಿಗೆ ಬರುವುದು.

೫. ಸಂಹಿತೆಯೂ ಪದಪಾಠವೂ

ಸಂಕೇತದೋಷಗಳೆಲ್ಲ ಪರಿಹಾರವಾದರೂ ‘ತೀರ್ಥ’ವನ್ನು ಹುಡುಕಿದವನಿಗೆ ‘ತೀರ್ತ್ಥ’ವು ದೊರೆಯಲಾರದು. ಏಕೆಂದರೆ ಇದು ಯಂತ್ರದ ದೋಷವಲ್ಲ, ಬರಹದ ವೈವಿಧ್ಯ. ‘ಅರ್ಥ’ ‘ಅರ್ತ್ಥ’, ‘ದೀರ್ಘ’ ‘ದೀರ್ಗ್ಘ’, ‘ಪಂಪ’ ‘ಪಮ್ಪ’, ‘ಅಂಗ’ ‘ಅಙ್ಗ’ ಎಂಬ ಜೋಡಿಗಳು ಹಳೆಯ ಬರಹಗಳಲ್ಲಿ ಸಾಮಾನ್ಯ. ಎಕಾರ ಒಕಾರಗಳ ಹ್ರಸ್ವದೀರ್ಘಭೇದವನ್ನು ಹಳೆಯ ಪ್ರತಿಗಳು ಬಹುಮಟ್ಟಿಗೆ ತೋರಿಸುವುದೇ ಇಲ್ಲ. ಇದರ ಮೇಲೆ ಸಂಧಿಕಾರ್ಯವೂ ಸೇರುವುದು. ‘ಊರು’ ಎಂದು ಕೇಳಿದರೆ ‘ಊರಲ್ಲಿ’ ಎಂಬುದು ದೊರೆಯದು, ಉಕಾರವು ಲೋಪವಾಗಿರುವುದರಿಂದ, ‘ಕಾಲ’ವನ್ನು ಕೇಳಿದರೆ ‘ಮಳೆಗಾಲ’ವು ದೊರೆಯದು, ಆದೇಶವಾಗಿರುವುದರಿಂದ, ‘ಉದಯ’ವನ್ನು ಕೇಳಿದರೆ ‘ಸೂರ್ಯೋದಯ’ವು ದೊರೆಯದು, ಗುಣವಾಗಿರುವುದರಿಂದ.

ಇಲ್ಲಿ ಒಂದು ಆಕ್ಷೇಪವು ಬರಬಹುದು: ಪಾಠವನ್ನು ಕೋಶಕ್ಕೆ ಸೇರಿಸುವಾಗಲೇ ಈಗಿನ ಬರಹಕ್ಕೆ ತಿದ್ದಿ, ಸಂಧಿಯನ್ನು ಬಿಡಿಸಿಟ್ಟರೆ ತೊಂದರೆಯೆಲ್ಲ ತೀರುವುದಲ್ಲವೆ? ತೊಂದರೆಯು ತೀರುವುದು, ಅದರೊಡನೆ ಪಾಠವೂ ತೀರುವುದು. ‘ಅೞಿ’ ಎಂದರೆ ನಾಶವಾಗು, ‘ಅಳಿ’ ಎಂದರೆ ದುಂಬಿ. ‘ಅಱಿ’ ಎಂದರೆ ತಿಳಿ, ‘ಅರಿ’ ಎಂದರೆ ಶತ್ರು. ೞಕಾರವನ್ನು ಳಕಾರವಾಗಿಯೂ ಱಕಾರವನ್ನು ರಕಾರವಾಗಿಯೂ ತಿದ್ದಿಬಿಟ್ಟರೆ ಈ ಭೇದವು ಅಳಿದುಹೋಗುವುದು. ಯಾವ ಶಾಸನದಲ್ಲಿ ಲಿಪಿಕಾರನು ೞಳಗಳನ್ನು ಬೆರಸಿರುವನೆಂಬುದರಿಂದಲೇ ಭಾಷೆಯ ಕಾಲವನ್ನು ಊಹಿಸುವವರಿಗೆ, ತಿದ್ದಿದ ಪಾಠವು ಸಾಕ್ಷಿಯನ್ನು ನಾಶಮಾಡಿದಂತೆ. ತಿದ್ದದ ಪಾಠದಿಂದ ತಿದ್ದಿದ ಪಾಠವನ್ನು ಎಂದಾದರೂ ಪಡೆಯಬಹುದು. ತಿದ್ದಿದುದರಿಂದ ಮೂಲವನ್ನು ಪಡೆಯಲಾಗದು.

ಇದಕ್ಕೆ ಪರಿಹಾರವನ್ನು ವೈದಿಕಸಂಪ್ರದಾಯವು ಬಹುಹಿಂದೆಯೇ ಕಂಡುಕೊಂಡಿತ್ತು. ಋಗ್ವೇದದ ಸಂಹಿತಾಪಾಠವನ್ನು ಒಂದು ಮಾತ್ರೆಯೂ ಕದಲದಂತೆ ಕಾಪಾಡುತ್ತ, ಶಾಕಲ್ಯನು ಸಂಧಿಗಳನ್ನು ಬಿಡಿಸಿ ಪದಪಾಠವನ್ನು ಪ್ರತ್ಯೇಕವಾಗಿ ರಚಿಸಿದನು. ಪದಪಾಠವು ಸಂಹಿತೆಯ ಸ್ಥಾನವನ್ನು ಆಕ್ರಮಿಸಲಿಲ್ಲ, ಅದಕ್ಕೆ ದೀಪವಾಯಿತು. ಕೋಶದಲ್ಲಿಯೂ ಪ್ರತಿಯೊಂದು ಸಾಲಿಗೆ ಎರಡು ಅಂಕಣಗಳಿರಬೇಕು. ಮೊದಲನೆಯದರಲ್ಲಿ ಆಕರದಲ್ಲಿರುವ ಪಾಠವು ಇದ್ದಂತೆಯೇ ನಿಲ್ಲಬೇಕು. ಎರಡನೆಯದರಲ್ಲಿ ದ್ವಿತ್ವವನ್ನು ನೀಗಿ, ವರ್ಗಾನುನಾಸಿಕವನ್ನು ಬಿಂದುವಾಗಿಸಿ, ೞಱಗಳನ್ನು ಳರಗಳಾಗಿಸಿ, ಪದಗಳನ್ನು ಬಿಡಿಸಿದ ಶೋಧರೂಪವಿರಬೇಕು. ಓದುಗನ ಪ್ರಶ್ನೆಯೂ ಇದೇ ವಿಧಿಗಳಿಗೆ ಒಳಪಟ್ಟು ಎರಡನೆಯ ಅಂಕಣವನ್ನು ಹುಡುಕುವುದು. ಉತ್ತರವಾಗಿ ಕಾಣುವುದು ಮೊದಲನೆಯ ಅಂಕಣ. ‘ಅೞಿ’ಯನ್ನು ಮಾತ್ರ ಬಯಸಿದವನು ದೊರೆತ ರಾಶಿಯನ್ನು ಮೂಲಪಾಠದಿಂದ ಮತ್ತೊಮ್ಮೆ ಜರಡಿಹಿಡಿಯಬಹುದು.

ಒಂದೇ ಸಂಗತಿಯನ್ನು ಎರಡು ಕಡೆ ಬರೆಯಕೂಡದೆಂಬುದು ಕೋಶರಚನೆಯ ಮೂಲಸೂತ್ರ; ಎರಡು ಅಂಕಣಗಳಿಂದ ಅದಕ್ಕೆ ಭಂಗ ಬಾರದೆ? ಬಾರದು. ಎರಡನೆಯ ಅಂಕಣವನ್ನು ಯಾರೂ ಕೈಯಿಂದ ತಿದ್ದಲಾಗದು. ಬಿಂದುದ್ವಿತ್ವಾದಿಗಳು ವಿಧಿಯಿಂದಲೇ ಹುಟ್ಟುವುವು, ಪದಚ್ಛೇದಕ್ಕೆ ಬೇಕಾದ ವಿದ್ವಾಂಸರ ನಿರ್ಣಯಗಳು ತಮ್ಮದೇ ಕೋಷ್ಟಕದಲ್ಲಿ ಒಮ್ಮೆ ಮಾತ್ರ ನಮೂದಾಗಿರುವುವು. ವಿಧಿಯು ಬದಲಾದರೆ ಅಂಕಣವನ್ನೆಲ್ಲ ಅಳಿಸಿ ಹೊಸದಾಗಿ ಹುಟ್ಟಿಸಬಹುದು.

೬. ಹೆಸರು ಮತ್ತು ವ್ಯಕ್ತಿ

ದತ್ತಗಳನ್ನು ಕೋಷ್ಟಕಗಳಲ್ಲಿಟ್ಟು ಅವುಗಳೊಳಗಿನ ಸಂಬಂಧದಿಂದ ಅರ್ಥವನ್ನು ಪಡೆಯುವ ಮತವನ್ನು ೧೯೭೦ರಲ್ಲಿ ಎಡ್ಗರ್ ಕಾಡ್ ಎಂಬ ಗಣಿತಜ್ಞನು ಪ್ರತಿಪಾದಿಸಿದನು. ಆ ಮತದಂತೆ ಕೋಷ್ಟಕದ ಪ್ರತಿಯೊಂದು ಸಾಲನ್ನೂ ಗುರುತಿಸುವ ಒಂದು ಕೀಲಿಯಿರಬೇಕು. ಕವಿಯ ಹೆಸರನ್ನೇ ಕೀಲಿಯಾಗಿ ಮಾಡುವುದು ಸುಲಭವಾಗಿ ತೋರುವ ದಾರಿ; ಕನ್ನಡ ಸಾಹಿತ್ಯದಲ್ಲಿ ಅದು ಅಪಾಯದ ದಾರಿ. ‘ನಾಗವರ್ಮ’ ಎಂಬ ಒಂದೇ ಹೆಸರಿನ ಅಡಿಯಲ್ಲಿ ‘ಛಂದೋಂಬುಧಿ’ಯ ಕರ್ತೃವೂ ‘ಕಾವ್ಯಾವಲೋಕನ’ದ ಕರ್ತೃವೂ ಸೇರಿಹೋಗುವರು. ಬಸವಣ್ಣನೋ ಬಸವೇಶ್ವರನೋ ಬಸವರಾಜನೋ ಎಂದು ಬರೆದ ಒಬ್ಬನೇ ವ್ಯಕ್ತಿಯು ಮೂವರಾಗುವನು. ಆದುದರಿಂದ ವ್ಯಕ್ತಿಗೆ ಅರ್ಥವಿಲ್ಲದ ಒಂದು ಸಂಖ್ಯೆಯನ್ನು ಕೊಟ್ಟು, ಹೆಸರುಗಳನ್ನೆಲ್ಲ ಬೇರೊಂದು ಕೋಷ್ಟಕದಲ್ಲಿ ಆ ಸಂಖ್ಯೆಗೆ ಕಟ್ಟಬೇಕು.

ಗ್ರಂಥಕ್ಕೂ ಪ್ರತಿಗೂ ಇರುವ ಸಂಬಂಧವೂ ಹೀಗೆಯೇ. ಒಂದು ಓಲೆಯ ಕಟ್ಟಿನಲ್ಲಿ ಹಲವು ಗ್ರಂಥಗಳಿರುವುದುಂಟು. ಒಂದು ಗ್ರಂಥವು ಹಲವು ಕಟ್ಟುಗಳಲ್ಲಿರುವುದುಂಟು. ಕಟ್ಟುಗಳ ಕೋಷ್ಟಕದಲ್ಲಿ ‘ಗ್ರಂಥ ೧’, ‘ಗ್ರಂಥ ೨’ ಎಂದು ಅಂಕಣಗಳನ್ನು ಮಾಡಿದರೆ ಮೂರನೆಯ ಗ್ರಂಥಕ್ಕೆ ಸ್ಥಳವಿಲ್ಲ. ಯಾವ ಕಟ್ಟಿನ ಯಾವ ಗರಿಯಿಂದ ಯಾವ ಗರಿಯವರೆಗೆ ಯಾವ ಗ್ರಂಥವೆಂಬುದನ್ನು ಮೂರನೆಯ ಕೋಷ್ಟಕವೊಂದು ಹೇಳಬೇಕು. ಕರ್ತೃತ್ವವನ್ನೂ ಇಂತಹ ಸಂಬಂಧಕೋಷ್ಟಕದಲ್ಲಿಟ್ಟರೆ, ವಿವಾದವಿರುವಲ್ಲಿ ಎರಡು ಮತಗಳನ್ನೂ ಅವುಗಳ ಪ್ರತಿಪಾದಕರ ಹೆಸರಿನೊಡನೆ ನಮೂದಿಸಬಹುದು.

ಜಾಲದ ವಿಳಾಸಕ್ಕೂ ಇದೇ ನ್ಯಾಯ. ವಿಳಾಸದಲ್ಲಿ ‘ಕನ್ನಡ’ ಎಂದು ಬರೆದರೆ ಅದು ಸಾಗುವಾಗ ಒಂದೊಂದು ಬೈಟಿಗೆ ಮೂರು ಗುರುತುಗಳಂತೆ ನಲವತ್ತೈದು ಗುರುತುಗಳಾಗುವುದು. ಬರಹವನ್ನು ತಿದ್ದಿದೊಡನೆ ಹಳೆಯ ವಿಳಾಸವು ಮುರಿಯುವುದು. ಸಂಖ್ಯೆಯ ವಿಳಾಸವು ಚಿಕ್ಕದು, ಸ್ಥಿರವಾದುದು; ಪ್ರಬಂಧಗಳಲ್ಲಿ ಉಲ್ಲೇಖಿಸಲು ತಕ್ಕುದು.

೭. ಅನುಕ್ರಮ

ಕೊನೆಯದಾಗಿ ಅಕಾರಾದಿಯ ವಿಷಯ. ಯಂತ್ರವನ್ನು ಅದರ ಪಾಡಿಗೆ ಬಿಟ್ಟರೆ ಅದು ಸಂಖ್ಯಾಕ್ರಮದಲ್ಲಿ ಜೋಡಿಸುವುದು. ಲಕಾರವು ೩೨೫೦, ಳಕಾರವು ೩೨೫೧, ವಕಾರವು ೩೨೫೩, ಹಕಾರವು ೩೨೫೭. ನಮ್ಮ ವರ್ಣಮಾಲೆಯಲ್ಲಿ ಳಕಾರವು ಹಕಾರದ ಮುಂದಿನದು. ಹೀಗಾಗಿ ನಿಘಂಟಿನಲ್ಲಿ ‘ಬಲ, ಬಹು, ಬಳಗ’ ಎಂದಿರಬೇಕಾದುದು ಕೋಶದಲ್ಲಿ ‘ಬಲ, ಬಳಗ, ಬಹು’ ಎಂದಾಗುವುದು. ೞಕಾರವಂತೂ ಸಾಮಾನ್ಯ ಸ್ವರಚಿಹ್ನೆಗಳನ್ನು ದಾಟಿ ೩೨೯೪ರಲ್ಲಿರುವುದು. ನಿಘಂಟಿನ ಕ್ರಮವನ್ನು ನಂಬಿ ಪಟ್ಟಿಯನ್ನು ನೋಡುವವನು ‘ಬಹು’ವಿನ ಮುಂದೆ ‘ಬಳಗ’ವನ್ನು ಕಾಣದೆ, ಅದು ಇಲ್ಲವೆಂದೇ ತಿಳಿಯುವನು. ಭಾಷೆಗೆ ತಕ್ಕ ಕ್ರಮನಿಯಮಗಳು ಈಗ ದತ್ತಸಂಚಯಗಳಲ್ಲಿ ದೊರೆಯುತ್ತವೆ. ಆದರೆ ಕೋಶವನ್ನು ಕಟ್ಟುವಾಗಲೇ ಅವುಗಳನ್ನು ಆರಿಸಿ, ಪರೀಕ್ಷಿಸಿ ಸ್ಥಾಪಿಸಬೇಕು.

೮. ಉಪಸಂಹಾರ

ಮೇಲೆ ಹೇಳಿದ ದೋಷಗಳಲ್ಲಿ ಒಂದಾದರೂ ಯಂತ್ರವನ್ನು ನಿಲ್ಲಿಸುವಂಥದಲ್ಲ. ಪುಟವು ತೆರೆಯುವುದು, ಅಕ್ಷರಗಳು ಅಂದವಾಗಿ ಕಾಣುವುವು, ಉತ್ತರವೂ ಬರುವುದು. ದೋಷದ ಫಲವು ಒಂದೇ: ಇರುವುದನ್ನು ಇಲ್ಲವೆನ್ನುವುದು. ನಿಂತುಹೋದ ಯಂತ್ರವನ್ನು ರಿಪೇರಿಮಾಡಿಸಬಹುದು. ಮೌನವಾಗಿ ಸುಳ್ಳಾಡುವ ಕೋಶದ ಮೇಲೆ ಕಟ್ಟಿದ ಪ್ರಬಂಧವನ್ನು ತಿದ್ದುವವರು ಯಾರು?

ಆದಕಾರಣ ಕೋಶವನ್ನು ಕಟ್ಟುವ ಕೆಲಸವು ತಂತ್ರಜ್ಞರಿಗೆ ಮಾತ್ರ ಸೇರಿದುದಲ್ಲ. ದ್ವಿತ್ವವನ್ನೂ ೞಳಭೇದವನ್ನೂ ಆದೇಶಲೋಪಗಳನ್ನೂ ಬಲ್ಲವರು ವಿಧಿಗಳನ್ನು ಹೇಳಬೇಕು. ತಂತ್ರಜ್ಞರು ಅವುಗಳನ್ನು ಯಂತ್ರಕ್ಕೆ ತಿಳಿಯುವಂತೆ ಬರೆಯಬೇಕು. ಯಾವ ಭೇದಗಳನ್ನು ಕಡೆಗಣಿಸಿ ಹುಡುಕಲಾಗುವುದೆಂಬುದನ್ನು ಹುಡುಕುವ ಪುಟದಲ್ಲಿಯೇ ಓದುಗನಿಗೆ ತಿಳಿಸಬೇಕು. ಓದುಗನೂ ತಾನು ಬಲ್ಲ ಒಂದು ಸಾಲಿನಿಂದ, ‘ತೀರ್ತ್ಥ’ ಎಂದಿರುವ ಒಂದು ಶಾಸನದಿಂದ, ಕೋಶವನ್ನು ಮೊದಲು ಪರೀಕ್ಷಿಸಬೇಕು. ಇದ್ದುದು ಕಾಣುವುದೆಂಬ ನಿಶ್ಚಯವಾದ ಮೇಲೆ, ಕಾಣದಿರುವುದು ಇಲ್ಲವೆಂಬ ಮಾತಿಗೆ ಪ್ರಾಮಾಣ್ಯವು ಬರುವುದು.